ಹೇಗೆ ಗೊತ್ತು ಎಂದು ಕೇಳಿದವರು: ಆರ್. ನರಸಿಂಹಾಚಾರ್ಯರ ಜೀವನ

ನಮ್ಮ ಗೋಡೆ ಪತ್ರಿಕೆಯ ಈ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಚರಿತ್ರೆ ಬರೆದು ಕೊಡು ಅಂತ ಮೇಷ್ಟ್ರು ನನಗೆ ಹೇಳಿದರು. ಗಾಂಧೀಜಿ, ವಿವೇಕಾನಂದರು, ವಿಶ್ವೇಶ್ವರಯ್ಯನವರ ಬಗ್ಗೆ ಹಿಂದಿನ ಸಂಚಿಕೆಗಳಲ್ಲಿ ಆಗಲೇ ಬಂದಿದೆ. ಅದಕ್ಕೆ ನಾನು ಪ್ರಾಕ್ತನ ವಿಮರ್ಶ ವಿಚಕ್ಷಣ ಆರ್. ನರಸಿಂಹಾಚಾರ್ಯರ ಬಗ್ಗೆ ಬರೆಯುತ್ತಿದ್ದೇನೆ. ಲೇಖನ ಸ್ವಲ್ಪ ಉದ್ದ ಆಗಿದೆ. ನಾಲ್ಕು ಹಾಳೆ ಅಂಟಿಸಿದ್ದೇವೆ. ಊಟದ ಬಿಡುವಿನಲ್ಲಿ ನಿಂತು ಪೂರ್ತಿ ಓದಿ.

ಇವರನ್ನೇ ಯಾಕೆ ಆರಿಸಿದೆ ಅಂದರೆ ಅದಕ್ಕೆ ಒಂದು ಕಾರಣ ಇದೆ. ಹೋದ ಕಿರುಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂದಿತ್ತು. ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ಎಂಥವನು, ವಿವರಿಸಿರಿ ಅಂತ. ನಾಲ್ಕು ಅಂಕದ್ದು. ಮೇಷ್ಟ್ರು ಆ ಕಥೆಯನ್ನು ತರಗತಿಯಲ್ಲಿ ಎರಡು ದಿನ ಹೇಳಿದ್ದರು. ನಾನು ದುರ್ಯೋಧನ ಬಹಳ ಕೆಟ್ಟವನು, ರನ್ನ ಮಹಾಕವಿ, ಅವನ ಕಾವ್ಯ ತುಂಬಾ ಸೊಗಸಾಗಿದೆ, ಎಲ್ಲರೂ ಓದಬೇಕು ಅಂತ ಅರ್ಧ ಪುಟ ಬರೆದೆ. ನನ್ನ ಪಕ್ಕದ ಗೆಳೆಯ ದುರ್ಯೋಧನ ಬಹಳ ಒಳ್ಳೆಯವನು ಅಂತ ಅರ್ಧ ಪುಟ ಬರೆದ. ಇಬ್ಬರಿಗೂ ಒಂದೊಂದೇ ಅಂಕ! ಇಬ್ಬರ ಉತ್ತರದ ಪಕ್ಕದಲ್ಲೂ ಕೆಂಪು ಶಾಯಿಯಲ್ಲಿ ಒಂದೇ ಮಾತು ಬರೆದಿದ್ದರು, ಹೇಗೆ ಗೊತ್ತು ಅಂತ. ನನಗೆ ಅಳುವೇ ಬಂತು. ಕೆಟ್ಟವನು ಅಂದರೂ ಒಂದು ಅಂಕ, ಒಳ್ಳೆಯವನು ಅಂದರೂ ಒಂದು ಅಂಕ ಅಂದರೆ ಸರಿ ಉತ್ತರ ಯಾವುದು ಅಂತ ಮೇಷ್ಟ್ರನ್ನು ಕೇಳಿದೆ. ಅವರು ಉತ್ತರ ಹೇಳಲಿಲ್ಲ. ಮಾರನೆ ದಿನ ತಾಲ್ಲೂಕು ಗ್ರಂಥಾಲಯದಿಂದ ಒಂದು ದಪ್ಪ ಹಳೆಯ ಪುಸ್ತಕ ತಂದು ನನ್ನ ಕೈಗೆ ಕೊಟ್ಟರು. ಅದರ ಹೆಸರು ಕರ್ಣಾಟಕ ಕವಿಚರಿತೆ. ಅದನ್ನು ಬರೆದವರೇ ನರಸಿಂಹಾಚಾರ್ಯರು.

ಜನನ ಮತ್ತು ವಿದ್ಯಾಭ್ಯಾಸ

ನರಸಿಂಹಾಚಾರ್ಯರು 1860ನೇ ಇಸವಿಯಲ್ಲಿ ಶ್ರೀರಂಗಪಟ್ಟಣದ ಹತ್ತಿರದ ಕೊಪ್ಪಲಿನಲ್ಲಿ ಹುಟ್ಟಿದರು. ಆ ಊರು ಈಗ ಮಂಡ್ಯ ಜಿಲ್ಲೆಗೆ ಸೇರಿದೆ. ಅಂದರೆ ಅವರು ಪಟ್ಟಣದವರಲ್ಲ, ನಮ್ಮ ಹಾಗೆ ಹಳ್ಳಿಯವರು. ಅವರಿಗೆ ಕನ್ನಡ, ಸಂಸ್ಕೃತ, ತಮಿಳು, ಇಂಗ್ಲಿಷ್ ಎಲ್ಲ ಚೆನ್ನಾಗಿ ಬರುತ್ತಿತ್ತು. ಆಗ ಮೈಸೂರಿನಲ್ಲಿ ವಿಶ್ವವಿದ್ಯಾನಿಲಯವೇ ಇರಲಿಲ್ಲ. ಅದು ಶುರುವಾದದ್ದು 1916ರಲ್ಲಿ. ಆದ್ದರಿಂದ ಇವರು ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆ ಕಟ್ಟಿ ಕನ್ನಡದಲ್ಲಿ ಎಂ.ಎ. ಪಾಸು ಮಾಡಿದರು. ಕನ್ನಡದಲ್ಲಿ ಎಂ.ಎ. ಮಾಡಿದವರಲ್ಲಿ ಇವರೇ ಮೊದಲಿಗರು.

ಕಲ್ಲುಗಳ ಕೆಲಸ

ಅವರು ಮೊದಲು ವಿದ್ಯಾ ಇಲಾಖೆಯಲ್ಲಿ ಇದ್ದರು. ಮೈಸೂರು ಸಂಸ್ಥಾನದಲ್ಲಿ ಪ್ರಾಚ್ಯವಸ್ತು ಇಲಾಖೆ ಅಂತ ಒಂದು ಇತ್ತು. ಬಿ.ಎಲ್. ರೈಸ್ ಎಂಬ ದೊರೆಗಳು ಅದರ ಮುಖ್ಯಸ್ಥರು. ಊರೂರಿಗೆ ಹೋಗಿ ಕಲ್ಲಿನ ಮೇಲೆ, ತಾಮ್ರದ ಹಾಳೆಯ ಮೇಲೆ ಇರುವ ಶಾಸನಗಳನ್ನು ಓದಿ ಅಚ್ಚು ಹಾಕಿಸುವುದು ಆ ಇಲಾಖೆಯ ಕೆಲಸ. ನರಸಿಂಹಾಚಾರ್ಯರು 1899ರಲ್ಲಿ ರೈಸ್ ಅವರ ಸಹಾಯಕರಾಗಿ ಸೇರಿದರು. 1906ರಲ್ಲಿ ರೈಸ್ ಅವರು ಬಿಟ್ಟ ಮೇಲೆ ಇವರೇ ಮುಖ್ಯಸ್ಥರಾದರು. 1922ರವರೆಗೆ ಆ ಕೆಲಸದಲ್ಲಿದ್ದರು.

ಶಾಸನ ಓದುವುದು ಸುಲಭ ಅಲ್ಲ. ಮೊದಲು ಕಲ್ಲನ್ನು ತೊಳೆಯಬೇಕು. ಅದರ ಮೇಲೆ ಒದ್ದೆ ಕಾಗದ ಹಾಸಿ ಬ್ರಷ್ಷಿನಿಂದ ಮೆಲ್ಲಗೆ ಬಡಿಯಬೇಕು. ಕಾಗದ ಅಕ್ಷರದ ಗುಳಿಯೊಳಗೆ ಇಳಿಯುತ್ತದೆ. ಆಮೇಲೆ ಮಸಿ ಒತ್ತಿದರೆ ಕಲ್ಲಿನ ಮೈ ಕಪ್ಪಗೆ, ಅಕ್ಷರ ಬೆಳ್ಳಗೆ ಕಾಣುತ್ತದೆ. ಇದಕ್ಕೆ ಪಡಿಯಚ್ಚು ಅಂತಾರೆ. ಹಳಗನ್ನಡ ಲಿಪಿ ನಮ್ಮ ಲಿಪಿಯ ಹಾಗೆ ಇರುವುದಿಲ್ಲ. ಕೆಲವು ಕಡೆ ಕಲ್ಲು ಸವೆದು ಹೋಗಿರುತ್ತದೆ. ಅಂಥ ಕಡೆ ಊಹೆ ಮಾಡಿ ಏನೋ ಒಂದು ಬರೆದು ಬಿಡಬಾರದು. ಕಾಣಿಸಿದ್ದಷ್ಟನ್ನೇ ಬರೆದು, ಕಾಣದೆ ಇರುವ ಜಾಗ ಬಿಡಬೇಕು.

ಶ್ರವಣಬೆಳಗೊಳದ ಶಾಸನಗಳ ಪುಸ್ತಕವನ್ನು ರೈಸ್ ಅವರು 1889ರಲ್ಲಿ ತಂದಾಗ ಅದರಲ್ಲಿ 144 ಶಾಸನಗಳಿದ್ದವು. ನರಸಿಂಹಾಚಾರ್ಯರು ಮತ್ತೆ ಅಲ್ಲಿಯ ದೊಡ್ಡಬೆಟ್ಟ, ಚಿಕ್ಕಬೆಟ್ಟ, ಊರು, ಸುತ್ತಲ ಹಳ್ಳಿ ಎಲ್ಲ ಹುಡುಕಿದರು. 1923ರಲ್ಲಿ ಅವರ ಪುಸ್ತಕ ಬಂದಾಗ 500 ಶಾಸನಗಳಾಗಿದ್ದವು! ನಾವು ಪ್ರವಾಸ ಹೋದಾಗ ಗೊಮ್ಮಟನ ಮುಖ ನೋಡಿ ಫೋಟೋ ತೆಗೆಸಿಕೊಂಡು ಇಳಿದು ಬಂದೆವು. ಕಾಲ ಕೆಳಗಿನ ಬಂಡೆ ನೋಡಲೇ ಇಲ್ಲ. ಅಲ್ಲೇ ಚಿಕ್ಕಬೆಟ್ಟದ ಬಂಡೆಯ ಮೇಲೆ ಕವಿರತ್ನ ಅಂತ ಕೆತ್ತಿದ ಹೆಸರು ಇದೆಯಂತೆ. ಅದು ರನ್ನನ ಬಿರುದು.

ಕವಿಗಳನ್ನು ಹುಡುಕಿದ್ದು

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪಂಪ, ಪೊನ್ನ, ರನ್ನ, ಜನ್ನ ಅಂತ ನಾವು ಬಾಯಿಪಾಠ ಹೇಳುತ್ತೇವೆ. ಯಾರು ಯಾವ ಶತಮಾನ ಅಂತ ಪಟ್ಟಿಯನ್ನೂ ಉರು ಹೊಡೆಯುತ್ತೇವೆ. ಆದರೆ ನೂರೈವತ್ತು ವರ್ಷದ ಹಿಂದೆ ಇಂಥ ಪೂರ್ತಿ ಪಟ್ಟಿ ಇರಲೇ ಇಲ್ಲ. ಕಾವ್ಯಗಳು ತಾಳೆಗರಿಯಲ್ಲಿದ್ದವು. ಮಠಗಳಲ್ಲಿ, ಬಸದಿಗಳಲ್ಲಿ, ಪಂಡಿತರ ಮನೆಯ ಅಟ್ಟದ ಮೇಲೆ ಕಟ್ಟಿ ಇಟ್ಟಿದ್ದರು. ಕೆಲವು ಗೆದ್ದಲು ತಿಂದು ಹೋದವು. ಕೆಲವಕ್ಕೆ ಮೊದಲ ಗರಿ ಇಲ್ಲ, ಕೆಲವಕ್ಕೆ ಕೊನೆಯ ಗರಿ ಇಲ್ಲ. ಬರೆದವನು ಯಾರು, ಯಾವ ಊರು, ಯಾವ ರಾಜನ ಕಾಲ ಅಂತ ಬಿಡಿಬಿಡಿಯಾಗಿ ಹೇಳುವವರು ಇದ್ದರು. ಎಲ್ಲವನ್ನೂ ಒಂದು ಕಡೆ ಸೇರಿಸಿ ಸಾಕ್ಷಿ ಸಮೇತ ಬರೆದಿರಲಿಲ್ಲ.

ನರಸಿಂಹಾಚಾರ್ಯರು ಆ ಕೆಲಸಕ್ಕೆ ಕೈ ಹಾಕಿದರು. ಮೊದಲನೆಯ ಸಂಪುಟದಲ್ಲಿ ಅವರ ಜೊತೆಗೆ ಎಸ್.ಜಿ. ನರಸಿಂಹಾಚಾರ್ಯರು ಎಂಬ ಇನ್ನೊಬ್ಬ ವಿದ್ವಾಂಸರೂ ಇದ್ದರು. ಆ ಸಂಪುಟ 1907ರಲ್ಲಿ ಬಂತು. ಎರಡನೆಯದು 1919ರಲ್ಲಿ, ಮೂರನೆಯದು 1929ರಲ್ಲಿ. ಮೊದಲನೆಯದು ಬಂದಾಗ ಅವರಿಗೆ 47 ವರ್ಷ, ಮೂರನೆಯದು ಬಂದಾಗ 69 ವರ್ಷ. ಮೂರೂ ಸಂಪುಟ ಸೇರಿ ಸಾವಿರಕ್ಕೂ ಹೆಚ್ಚು ಕವಿಗಳ ವಿಷಯ ಇದೆ. ಒಬ್ಬೊಬ್ಬ ಕವಿಯ ಬಗ್ಗೆಯೂ ಅವರು ತಮ್ಮನ್ನೇ ಕೇಳಿಕೊಂಡದ್ದು ನಮ್ಮ ಮೇಷ್ಟ್ರ ಕೆಂಪು ಶಾಯಿಯ ಪ್ರಶ್ನೆಯನ್ನೇ ಅಂತ ನನಗೆ ಅನ್ನಿಸುತ್ತದೆ. ಹೇಗೆ ಗೊತ್ತು?

ಅಜ್ಜಿಯ ವಯಸ್ಸು ಮತ್ತು ರನ್ನನ ವಯಸ್ಸು

ಇದು ಹೇಗೆ ಅಂತ ತಿಳಿಯಲು ನಮ್ಮ ಅಜ್ಜಿಯ ವಿಷಯ ಹೇಳಬೇಕು. ನಮ್ಮ ಅಜ್ಜಿಯ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ 1 ಅಂತ ಇದೆ. ಪಕ್ಕದ ಮನೆ ಅಜ್ಜಿಯದೂ ಜನವರಿ 1. ನಮ್ಮೂರಿನಲ್ಲಿ ಅರ್ಧ ಅಜ್ಜಿಯರು ಒಂದೇ ದಿನ ಹುಟ್ಟಿದ್ದಾರೆ! ಬರೆದಿದೆ ಅಂದ ಮಾತ್ರಕ್ಕೆ ನಿಜ ಅಲ್ಲ ಅಂತ ಇದರಿಂದ ಗೊತ್ತಾಗುತ್ತದೆ. ಅಜ್ಜಿಯನ್ನೇ ಕೇಳಿದರೆ, ನಾನು ಹುಟ್ಟಿದ್ದು ವಿಕೃತಿ ಸಂವತ್ಸರದಲ್ಲಿ ಅನ್ನುತ್ತಾರೆ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ವಿಕೃತಿ 1890ರಲ್ಲಿ ಬಂದಿತ್ತು, 1950ರಲ್ಲಿ ಬಂದಿತ್ತು, 2010ರಲ್ಲೂ ಬಂದಿತ್ತು. 1890 ಆದರೆ ಅಜ್ಜಿಗೆ ನೂರ ಮೂವತ್ತು ದಾಟಿರಬೇಕು. 2010 ಆದರೆ ಅಜ್ಜಿ ನನ್ನ ಓರಗೆಯವರು, ನನ್ನ ಜೊತೆ ಬೆಂಚಿನ ಮೇಲೆ ಕೂರಬೇಕಿತ್ತು. ಗಾಂಧೀಜಿ ತೀರಿಹೋದ ಎರಡು ವರ್ಷಕ್ಕೆ ಅಜ್ಜಿ ಹುಟ್ಟಿದ್ದು ಅಂತ ಅವರ ಅಪ್ಪ ಹೇಳುತ್ತಿದ್ದರಂತೆ. ಗಾಂಧೀಜಿ ತೀರಿಹೋದದ್ದು 1948. ಅಲ್ಲಿಗೆ 1950 ಎಂದು ಎರಡು ಸಾಕ್ಷಿ ಕೂಡಿಕೊಂಡಿತು.

ರನ್ನನ ವಿಷಯವೂ ಹೀಗೇ. ತಾನು ಬಳೆಗಾರರ ಕುಲದವನು, ಮುದುವೊಳಲಿನವನು, ಸೌಮ್ಯ ಸಂವತ್ಸರದಲ್ಲಿ ಹುಟ್ಟಿದವನು ಅಂತ ರನ್ನ ಅಜಿತಪುರಾಣದಲ್ಲಿ ತಾನೇ ಹೇಳಿಕೊಂಡಿದ್ದಾನೆ. ಆ ಪುರಾಣವನ್ನು ಶಕವರ್ಷ 915ರಲ್ಲಿ, ಅಂದರೆ ಕ್ರಿ.ಶ. 993ರಲ್ಲಿ ಮುಗಿಸಿದೆ ಅಂತಲೂ ಹೇಳಿದ್ದಾನೆ. ಸೌಮ್ಯ ಸಂವತ್ಸರ 889ರಲ್ಲಿ, 949ರಲ್ಲಿ, 1009ರಲ್ಲಿ ಬರುತ್ತದೆ. 889 ಅಂದರೆ ಪುರಾಣ ಮುಗಿಸುವಾಗ ಅವನಿಗೆ 104 ವರ್ಷ ಆಗಬೇಕು. 1009 ಅಂದರೆ ಪುರಾಣ ಬರೆದು 16 ವರ್ಷ ಆದ ಮೇಲೆ ಹುಟ್ಟಬೇಕು. ಆದ್ದರಿಂದ 949. ಇನ್ನೊಂದು ಸಾಕ್ಷಿಯೂ ಇದೆ. ತನಗೆ ಆಶ್ರಯ ಕೊಟ್ಟವನು ಚಾಲುಕ್ಯ ರಾಜ ತೈಲಪ ಎನ್ನುತ್ತಾನೆ. ತೈಲಪ 973ರಿಂದ 997ರವರೆಗೆ ಆಳಿದ ಅಂತ ಶಾಸನಗಳಿಂದ ತಿಳಿದಿದೆ. ಕಾವ್ಯ ಹೇಳಿದ್ದಕ್ಕೂ ಕಲ್ಲು ಹೇಳಿದ್ದಕ್ಕೂ ತಾಳೆ ಆಯಿತು.

ಎಲ್ಲ ಕವಿಗಳೂ ರನ್ನನಷ್ಟು ಒಳ್ಳೆಯವರಲ್ಲ. ಕೆಲವರು ವರ್ಷ ಹೇಳುವುದಿಲ್ಲ, ರಾಜನ ಹೆಸರೂ ಹೇಳುವುದಿಲ್ಲ. ಆಗ ಏನು ಮಾಡಬೇಕು? ಅವನು ತನಗಿಂತ ಹಿಂದಿನ ಯಾವ ಕವಿಗಳನ್ನು ಹೊಗಳಿದ್ದಾನೆ ನೋಡಬೇಕು. ಅವರೆಲ್ಲ ಆದ ಮೇಲೆ ಇವನು ಇದ್ದ ಅಂತ ಆಯಿತು. ಆಮೇಲೆ ಇವನನ್ನು ಯಾರು ಹೊಗಳಿದ್ದಾರೆ ಹುಡುಕಬೇಕು. ಅವರಿಗಿಂತ ಇವನು ಮೊದಲು ಅಂತ ಆಯಿತು. ಎರಡು ಬೇಲಿಗಳ ನಡುವೆ ಕರುವನ್ನು ಹಿಡಿದ ಹಾಗೆ.

ಪುಸ್ತಕದಲ್ಲಿ ಒಬ್ಬ ಕವಿಯ ಭಾಗ ಹೇಗಿದೆ

ಆ ಪುಸ್ತಕದ ಭಾಷೆ ಹಳೆಯ ರೀತಿಯದು. ಮೊದಲು ನನಗೆ ಕಷ್ಟವಾಯಿತು. ಐದಾರು ಕವಿಗಳ ಭಾಗ ಓದಿದ ಮೇಲೆ ಒಂದು ಕ್ರಮ ಇದೆ ಅಂತ ಗೊತ್ತಾಯಿತು. ಮೊದಲು ಇವನು ಇಂಥ ಗ್ರಂಥ ಬರೆದಿದ್ದಾನೆ ಅಂತ ಒಂದು ಮಾತು ಹೇಳುತ್ತಾರೆ. ಆಮೇಲೆ ಅವನ ಮತ, ತಂದೆ ತಾಯಿ, ಗುರು, ರಾಜ. ಆಮೇಲೆ ಅವನ ಕಾಲ, ಮತ್ತು ಆ ಕಾಲ ಯಾಕೆ ಅನ್ನುವುದಕ್ಕೆ ಕಾರಣ. ಕೊನೆಗೆ ಅವನ ಗ್ರಂಥದಿಂದಲೇ ಕೆಲವು ಪದ್ಯಗಳನ್ನು ಆರಿಸಿ ಕೊಡುತ್ತಾರೆ.

ಪದ್ಯ ಯಾಕೆ ಕೊಟ್ಟಿದ್ದಾರೆ ಅಂತ ಮೇಷ್ಟ್ರನ್ನು ಕೇಳಿದೆ. ಕವಿಯ ಶೈಲಿ ಚೆನ್ನಾಗಿದೆ ಅಂತ ಬರೆದರೆ ಓದುವವರು ಸುಮ್ಮನೆ ನಂಬಬೇಕಾಗುತ್ತದೆ, ಪದ್ಯವನ್ನು ಪಕ್ಕದಲ್ಲಿ ಇಟ್ಟರೆ ಅವರೇ ಓದಿ ಹೌದೋ ಅಲ್ಲವೋ ಅಂತ ತೀರ್ಮಾನ ಮಾಡಬಹುದು ಅಂತ ಅವರು ವಿವರಿಸಿದರು. ಆಗ ನನ್ನ ಅರ್ಧ ಪುಟದ ಉತ್ತರ ನೆನಪಾಯಿತು. ಅದರಲ್ಲಿ ಕೆಟ್ಟವನು, ಮಹಾಕವಿ, ಸೊಗಸು ಅಂತ ಬರೀ ತೀರ್ಮಾನಗಳೇ ಇದ್ದವು. ಕಥೆಯಿಂದ ಒಂದು ಸಂಗತಿಯನ್ನೂ ನಾನು ಎತ್ತಿ ಇಟ್ಟಿರಲಿಲ್ಲ.

ತಪ್ಪು ತಿದ್ದಿಕೊಂಡದ್ದು

ಇಷ್ಟು ದೊಡ್ಡ ಪಂಡಿತರು ತಾವು ಬರೆದದ್ದೇ ಕೊನೆ ಅಂದುಕೊಳ್ಳಲಿಲ್ಲ. ಮೊದಲ ಸಂಪುಟ ಬಂದ ಮೇಲೆ ಹೊಸ ಓಲೆಗಳು, ಹೊಸ ಶಾಸನಗಳು ಸಿಕ್ಕವು. ಅವರು 1924ರಲ್ಲಿ ಅದೇ ಸಂಪುಟವನ್ನು ತಿದ್ದಿ ಮತ್ತೆ ತಂದರು. ಆಗ ಅವರಿಗೆ 64 ವರ್ಷ, ಕೆಲಸದಿಂದ ನಿವೃತ್ತರಾಗಿದ್ದರು. ನಾವು ಒಂದು ಲೆಕ್ಕ ತಪ್ಪಾದರೆ ಹಾಳೆಯನ್ನೇ ಹರಿದು ಬಚ್ಚಿಡುತ್ತೇವೆ. ಅವರು ಎಲ್ಲರಿಗೂ ಕಾಣುವ ಹಾಗೆ ತಿದ್ದಿದರು.

ಅವರ ಕಾಲ ಆದ ಮೇಲೂ ಹೊಸ ಸಾಕ್ಷಿಗಳು ಬರುತ್ತಲೇ ಇವೆ. ಈಗಿನ ತೆಲಂಗಾಣದ ಕುರ್ಕ್ಯಾಲ ಎಂಬಲ್ಲಿ ಬೆಟ್ಟದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭ ಕೆತ್ತಿಸಿದ ಶಾಸನ ಇದೆ. ಅದರಿಂದ ಪಂಪನ ಮನೆತನದ ವಿಷಯ ಇನ್ನಷ್ಟು ತಿಳಿಯಿತು. ಇದನ್ನೆಲ್ಲ ಸೇರಿಸಿಕೊಳ್ಳಲು ಜಾಗ ಸಿಕ್ಕಿದ್ದು ನರಸಿಂಹಾಚಾರ್ಯರು ಮೊದಲೇ ಪಾಯ ಹಾಕಿದ್ದರಿಂದ. ಕಾರಣ ಬರೆದಿಟ್ಟಿದ್ದರೆ ತಾನೆ ಮುಂದಿನವರು ಯಾವುದು ಸರಿ ಯಾವುದು ತಪ್ಪು ಅಂತ ನೋಡಬಹುದು?

ಇತರ ಕೆಲಸಗಳು ಮತ್ತು ಗೌರವ

ಶಾಸನಗಳಲ್ಲಿರುವ ಒಳ್ಳೆಯ ಪದ್ಯಗಳನ್ನೆಲ್ಲ ಸೇರಿಸಿ ಅವರು ಶಾಸನ ಪದ್ಯಮಂಜರಿ ಎಂಬ ಪುಸ್ತಕ ಮಾಡಿದರು. ಕಲ್ಲಿನ ಮೇಲೂ ಸಾಹಿತ್ಯ ಇದೆ ಅಂತ ಅದರಿಂದ ತಿಳಿಯುತ್ತದೆ. ಸೋಮನಾಥಪುರ, ಬೇಲೂರು, ದೊಡ್ಡಗದ್ದವಳ್ಳಿ ದೇವಸ್ಥಾನಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆದರು. ಯಾವಾಗಲೂ ಗಂಭೀರವಾಗಿಯೇ ಇರುತ್ತಿದ್ದರು ಅಂದುಕೊಳ್ಳಬೇಡಿ. ನಗೆಗಡಲು ಎಂಬ ನಗೆ ಪುಸ್ತಕವನ್ನೂ ಅವರೇ ಬರೆದಿದ್ದಾರೆ!

1918ರಲ್ಲಿ ಧಾರವಾಡದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾಗಿದ್ದರು. ಮೈಸೂರು ಮಹಾರಾಜರು ಪ್ರಾಕ್ತನ ವಿಮರ್ಶ ವಿಚಕ್ಷಣ ಎಂಬ ಬಿರುದು ಕೊಟ್ಟರು. ಹಳೆಯದನ್ನು ಪರೀಕ್ಷೆ ಮಾಡಿ ನೋಡುವುದರಲ್ಲಿ ಜಾಣರು ಅಂತ ಅದರ ಅರ್ಥ. ಸರ್ಕಾರದಿಂದ ರಾವ್ ಬಹದ್ದೂರ್, ಮಹಾಮಹೋಪಾಧ್ಯಾಯ ಎಂಬ ಬಿರುದುಗಳೂ ಬಂದವು. 1936ರಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 76 ವರ್ಷ.

ನಾನು ಕಲಿತದ್ದು

ಪುಸ್ತಕ ವಾಪಸು ಕೊಡುವ ಮುಂಚೆ ನಾನು ಆ ಪ್ರಶ್ನೆಗೆ ಮತ್ತೆ ಉತ್ತರ ಬರೆದೆ. ನರಸಿಂಹಾಚಾರ್ಯರ ಕ್ರಮವನ್ನೇ ಹಿಡಿದೆ. ಮೊದಲು ಒಂದು ಮಾತು, ಆಮೇಲೆ ಅದಕ್ಕೆ ಕಥೆಯಿಂದ ಸಾಕ್ಷಿ, ಆಮೇಲೆ ಆ ಸಾಕ್ಷಿಯಿಂದ ಏನು ತಿಳಿಯುತ್ತದೆ ಅನ್ನುವುದು. ನೀವೂ ಪರೀಕ್ಷೆ ಮಾಡಲಿ ಅಂತ ಇಲ್ಲಿ ಕೊಡುತ್ತಿದ್ದೇನೆ.

ರನ್ನನ ದುರ್ಯೋಧನನು ತಪ್ಪು ಮಾಡಿದವನು, ಆದರೆ ಬರೀ ಕೆಟ್ಟವನಲ್ಲ. ಯುದ್ಧ ಮುಗಿಯುತ್ತಾ ಬಂದಾಗ ಅವನು ಸಂಜಯನ ಜೊತೆ ರಣರಂಗದಲ್ಲಿ ಹೆಣಗಳ ನಡುವೆ ನಡೆದು ಹೋಗುತ್ತಾನೆ. ಅಲ್ಲಿ ಅಭಿಮನ್ಯುವಿನ ಹೆಣ ಕಾಣುತ್ತದೆ. ಅಭಿಮನ್ಯು ಶತ್ರುವಿನ ಮಗ. ಆದರೂ ದುರ್ಯೋಧನ ಅವನ ಶೌರ್ಯವನ್ನು ಹೊಗಳಿ ಕೈ ಮುಗಿಯುತ್ತಾನೆ. ಮನಸ್ಸಿನ ತುಂಬ ಬರೀ ದ್ವೇಷ ಇದ್ದವನು ಶತ್ರುವಿನ ಹೆಣಕ್ಕೆ ಕೈ ಮುಗಿಯುವುದಿಲ್ಲ. ಮುಂದೆ ತಮ್ಮ ದುಶ್ಶಾಸನನ ಹೆಣ, ಗೆಳೆಯ ಕರ್ಣನ ಹೆಣ ನೋಡಿ ಗೋಳಾಡುತ್ತಾನೆ. ಇದರಿಂದ ಅವನಿಗೆ ಪ್ರೀತಿಯೂ ಇತ್ತು ಅಂತ ತಿಳಿಯುತ್ತದೆ. ಹಾಗಂತ ಅವನ ತಪ್ಪು ಹೋಗುವುದಿಲ್ಲ. ತುಂಬಿದ ಸಭೆಯಲ್ಲಿ ದ್ರೌಪದಿಗೆ ಅವಮಾನ ಮಾಡಿಸಿದವನು ಅವನೇ. ಅದಕ್ಕೇ ಭೀಮನ ಕೋಪವೂ ನ್ಯಾಯ ಅನ್ನಿಸುತ್ತದೆ, ದುರ್ಯೋಧನನ ಸಾವು ನೋಡಿ ಅಯ್ಯೋ ಅಂತಲೂ ಅನ್ನಿಸುತ್ತದೆ. ಎರಡೂ ಅನ್ನಿಸುವ ಹಾಗೆ ಬರೆದದ್ದರಿಂದ ರನ್ನ ದೊಡ್ಡ ಕವಿ.

ಇದನ್ನು ಮೊದಲು ನನ್ನ ಗೆಳೆಯನಿಗೆ ತೋರಿಸಿದೆ. ಅವನು ಓದಿ, ತಾನು ಒಳ್ಳೆಯವನು ಅಂತ ಬರೆದದ್ದೂ ಅರ್ಧ ಸರಿ, ನಾನು ಕೆಟ್ಟವನು ಅಂತ ಬರೆದದ್ದೂ ಅರ್ಧ ಸರಿ ಅಂದ. ಒಂದು ವಾರದ ಜಗಳ ಅಲ್ಲಿಗೆ ಮುಗಿಯಿತು. ಮೇಷ್ಟ್ರು ಓದಿ ಮೂರೂವರೆ ಅಂಕ ಕೊಟ್ಟರು. ಕೊನೆಯ ವಾಕ್ಯದ ಕೆಳಗೆ ಮತ್ತೆ ಕೆಂಪು ಗೆರೆ ಎಳೆದಿದ್ದಾರೆ. ಒಂದು ಕಾವ್ಯ ನೋಡಿ ದೊಡ್ಡ ಕವಿ ಅನ್ನಬಹುದೇ, ಬೇರೆ ಕವಿಗಳ ದುರ್ಯೋಧನನನ್ನೂ ಓದಿ ಹೋಲಿಸಬೇಡವೇ ಅಂತ ಕೇಳಿದರು. ಅದಕ್ಕೆ ಪಂಪನನ್ನೂ ಕುಮಾರವ್ಯಾಸನನ್ನೂ ಓದಬೇಕು. ಅದು ಹೈಸ್ಕೂಲಿಗೆ ಹೋದ ಮೇಲೆ.

ಗೆಳೆಯರೆ, ಸಾವಿರ ಕವಿಗಳ ಹೆಸರು ಮಣ್ಣುಪಾಲಾಗದ ಹಾಗೆ ಉಳಿಸಿಕೊಟ್ಟವರು ನರಸಿಂಹಾಚಾರ್ಯರು. ನಾವು ಅವರಷ್ಟು ದೊಡ್ಡ ಕೆಲಸ ಮಾಡಲು ಆಗದೆ ಇರಬಹುದು. ಆದರೆ ಒಂದು ಮಾತು ಬರೆದಾಗ ಹೇಗೆ ಗೊತ್ತು ಅಂತ ನಮ್ಮನ್ನೇ ಕೇಳಿಕೊಳ್ಳಲು ಆಗುತ್ತದೆ. ಈ ಲೇಖನದಲ್ಲಿ ನಾನು ಎಲ್ಲಾದರೂ ಸಾಕ್ಷಿ ಇಲ್ಲದೆ ಬರೆದಿದ್ದರೆ ಹಾಳೆಯ ಪಕ್ಕದಲ್ಲಿ ಪೆನ್ಸಿಲಿನಿಂದ ಗುರುತು ಮಾಡಿ. ಮುಂದಿನ ಸಂಚಿಕೆಯಲ್ಲಿ ತಿದ್ದಿ ಬರೆಯುತ್ತೇನೆ. ಮಸಿ ಪೆನ್ನಿನಲ್ಲಿ ಮಾತ್ರ ಗೀಚಬೇಡಿ.

ಏಳನೇ ತರಗತಿ